ಉಸಿರಿನ ಮೇಲೆ ಬರೆದ ನಂಬರು

"ಗಾಜು ಒಡೆದರೆ ಸದ್ದಾದರೂ ಆಗುತ್ತೆ ಕಣೋ. ನೀನು ಸದ್ದೇ ಇಲ್ಲದೆ ಒಡೆದುಹೋದೋನು. ಒಡಹುಟ್ಟಿದ ಅಕ್ಕನ ಗಂಡನ್ನ ಬಾಂಬಿನ ಬಾಯಿಗೆ ಬಿಟ್ಟು, ಫೋಟೋ ಹಿಡ್ಕೊಂಡು ಓಡಿಬಂದ ಹೇಡಿ."

ಅಪ್ಪ ಇದನ್ನು ಹೇಳಿದ್ದು ನಮ್ಮ ಗಾಜಿನಂಗಡಿಯ ನಡುವೆ, ನಾಲ್ಕು ಜನರ ಮುಂದೆ. ಕನ್ನಡಿಗೆ ಅಂಚು ಹಾಕಿಸಲು ಬಂದಿದ್ದ ಗಂಡ ಹೆಂಡತಿ, ಪಕ್ಕದಂಗಡಿಯ ದರ್ಜಿ, ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಚೌಕಟ್ಟುಗಳಿಗೆ ಪಾಲಿಶ್ ಹಚ್ಚುವ ಮುದುಕ. ದರ್ಜಿ ಟೀ ಲೋಟವನ್ನು ಬಾಯಿಯ ಹತ್ತಿರ ಹಿಡಿದವನು ಹಾಗೇ ಹಿಡಿದುಕೊಂಡ. ಆ ಹೆಂಗಸು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವ ನೆಪದಲ್ಲಿ ನನ್ನ ಮುಖ ನೋಡಿದಳು. ಕನ್ನಡಿ ಅಂಗಡಿಯ ಕರ್ಮವೇ ಇದು. ಒಬ್ಬನಿಗೆ ಬೈದರೆ ಹನ್ನೆರಡು ಕಡೆಯಿಂದ ಕಾಣುತ್ತದೆ.

ಕಾರಣ ಸಣ್ಣದು. ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜು ಕೊಯ್ದು ಕೊಡು ಎಂದಿದ್ದ. ಕೊಯ್ಯುವುದಿಲ್ಲ ಎಂದಿದ್ದೆ. ಅದು ಭಾವನ ಫೋಟೋಕ್ಕೆ ಬೇಕಾದ ಗಾಜು. ಮದುವೆಯ ದಿನದ ಫೋಟೋದಿಂದ ಅಪ್ಪ ಭಾವನ ಮುಖವನ್ನಷ್ಟೇ ದೊಡ್ಡದು ಮಾಡಿಸಿ ತಂದಿದ್ದ. ಚೌಕಟ್ಟನ್ನು ತಾನೇ ಮಾಡಿದ್ದ. ತೇಗದ ಮರ, ಮೂರು ಕೈ ಪಾಲಿಶ್. ಏಳು ವರ್ಷ ನಮ್ಮ ಮನೆಯಲ್ಲಿ ಮನೆಯಳಿಯನಾಗಿದ್ದ ಭಾವನಿಗೆ ಅಂಗಡಿಯಲ್ಲಿ ಕೂರಲು ಒಂದು ಸ್ಟೂಲು ಕೊಡದ ಮನುಷ್ಯ, ಸತ್ತನೆಂದು ತೀರ್ಮಾನಿಸಿದ ಮೇಲೆ ತೇಗದ ಚೌಕಟ್ಟು ಮಾಡಿದ.

ಆ ಚೌಕಟ್ಟು ಗೋಡೆಗೆ ಹೋದರೆ ಅಕ್ಕ ವಿಧವೆ. ಅಮ್ಮನ ಫೋಟೋ, ಅಜ್ಜನ ಫೋಟೋ, ಅವುಗಳ ಪಕ್ಕದಲ್ಲಿ ಭಾವನಿಗೆಂದು ಮೊಳೆ ಕೂಡ ಹೊಡೆದಾಗಿತ್ತು. ಅಕ್ಕ ಮಾತ್ರ ಒಪ್ಪಿರಲಿಲ್ಲ. ಐದು ತಿಂಗಳಿಂದ ಇಲ್ಲ, ಇಲ್ಲ, ಇಲ್ಲ ಎನ್ನುತ್ತಲೇ ಬಂದಿದ್ದಳು.

ಭಾವ ಸತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಈ ಊರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹೇಳುವುದಿಲ್ಲ ಎಂದು ಭಾವನ ಕೈ ಹಿಡಿದು ಮಾತು ಕೊಟ್ಟು ಬಂದಿದ್ದೆ. ಕೊಟ್ಟ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ನುಂಗಲೂ ಆಗದು, ಉಗಿಯಲೂ ಆಗದು.

"ನೀನೇ ಕೊಯ್ಕೋ" ಎಂದೆ.

"ಕೊಯ್ಕೋತೀನಿ. ನಿನ್ನ ಕೈಯಿಂದ ಅಷ್ಟಾದರೂ ಋಣ ತೀರಲಿ ಅಂತ ಕೇಳ್ದೆ" ಎಂದು ಅಪ್ಪ ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿದ.

ಅಷ್ಟರಲ್ಲಿ ಅಕ್ಕ ಬಂದಳು. ಕೈಯಲ್ಲಿ ದಪ್ಪ ಕಂದು ಲಕೋಟೆ. ನನ್ನ ಫೋನಿನ ಗಾಜು ಬಿರಿದು ಅದರಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಭಾವ ಇದ್ದ ಜಾಗ ತಾನೊಮ್ಮೆ ನೋಡಬೇಕು ಎಂದು ವಾರದಿಂದ ಬೆನ್ನು ಹತ್ತಿದ್ದಳು. ಹಿಂದಿನ ದಿನ ಮೂಲೆಯ ಸ್ಟುಡಿಯೋದವನಿಗೆ ಫೋನು ಕೊಟ್ಟು, ಕಿಟಕಿಯ ಫೋಟೋ ಎಷ್ಟಿವೆಯೋ ಅಷ್ಟೂ ಮಾಡಿಕೊಡು ಎಂದು ಹೇಳಿಬಂದಿದ್ದೆ. ಅವಳೇ ಹೋಗಿ ತಂದಿದ್ದಳು. ಬಂದವಳು ಯಾರನ್ನೂ ನೋಡದೆ, ಅಪ್ಪ ಹಾಸಿಟ್ಟಿದ್ದ ಗಾಜಿನ ಹಾಳೆಯನ್ನು ತಾನೇ ಎತ್ತಿ ಪಕ್ಕಕ್ಕೊರಗಿಸಿ, ಕೊಯ್ಯುವ ಮೇಜಿನ ಹಳೇ ಕಂಬಳಿಯ ಮೇಲೆ ಫೋಟೋಗಳನ್ನು ಹರಡತೊಡಗಿದಳು. ಅಪ್ಪ ಕಟರು ಹಿಡಿದು ನಿಂತೇ ಇದ್ದ. ಅವಳನ್ನು ತಡೆಯುವ ಧೈರ್ಯ ಅವನಿಗೂ ಇರಲಿಲ್ಲ.

ಒಂದು ಕಿಟಕಿ. ಅದರ ಪಕ್ಕ ಇನ್ನೊಂದು ಕಿಟಕಿ. ಮೇಜು ತುಂಬುತ್ತ ಹೋದಂತೆ, ಎಲ್ಲೋ ದೂರದ ಒಂದು ಊರು ಮಲಗಿದಲ್ಲೇ ಕಣ್ಣು ಬಿಡುತ್ತಿರುವ ಹಾಗೆ ಅನಿಸಿತು.

ದರ್ಜಿ ಬಗ್ಗಿ ನೋಡಿದ. "ಯುದ್ಧ ಎಲ್ಲಪ್ಪ ಇದರಲ್ಲಿ? ಬೆಂಕಿಗಿಂಕಿ ಏನೂ ಇಲ್ಲ. ಮನೆ ಬಾಡಿಗೆಗಿದೆ ಅನ್ನೋ ಜಾಹೀರಾತು ಇದ್ದಂಗಿದೆ."

"ನಿಮಗೆ ಹೆಣ ಬೇಕಿತ್ತಾ?" ಎಂದೆ.

"ಅಯ್ಯೋ, ಮಾತಿಗಂದೆ ಮಾರಾಯ" ಎಂದು ಅವನು ಟೀ ಕುಡಿದ.

ಯುದ್ಧವನ್ನು ನಾನು ನೋಡಿದ್ದು ಹೀಗೇ. ನಾನೂ ಭಾವನೂ ಆ ದೇಶಕ್ಕೆ ಹೋದದ್ದು ಹೊಸ ಕಟ್ಟಡಗಳಿಗೆ ಗಾಜು ಹಾಕಲು. ಮೂರನೇ ತಿಂಗಳಿಗೆ ಯುದ್ಧ ಶುರುವಾಯಿತು. ಹೊಸ ಕಟ್ಟಡದ ಕೆಲಸ ನಿಂತಿತು, ಹಳೇ ಕಟ್ಟಡದ ಕೆಲಸ ಮುಗಿಯದಾಯಿತು. ಬಾಂಬು ಎಲ್ಲೋ ನದಿಯಾಚೆ ಬೀಳುತ್ತಿತ್ತು. ಈಚೆ ಇಡೀ ಬೀದಿಯ ಕಿಟಕಿಗಳು ಉದುರುತ್ತಿದ್ದವು. ಜನ ಸಾಯದ ಕಡೆಯೂ ಗಾಜು ಸಾಯುತ್ತದೆ. ಚಳಿಯಲ್ಲಿ ಗಾಜಿಲ್ಲದ ಮನೆಯಲ್ಲಿ ಮಕ್ಕಳು ಎರಡು ರಾತ್ರಿ ತಡೆಯುವುದು ಕಷ್ಟ. ಲಿಫ್ಟಿಗೆ ಕರೆಂಟಿಲ್ಲ. ಬೆನ್ನಿಗೆ ಹಗ್ಗದಲ್ಲಿ ಗಾಜು ಕಟ್ಟಿಕೊಂಡು ಒಂಬತ್ತು ಮಹಡಿ ಹತ್ತುತ್ತಿದ್ದೆವು. ನಾವು ಮೆಟ್ಟಿಲ ಬುಡಕ್ಕೆ ಬಂದೊಡನೆ ಮಕ್ಕಳು ತಮ್ಮ ಭಾಷೆಯಲ್ಲಿ "ಗಾಜು ಬಂತು" ಎಂದು ಮಹಡಿಯಿಂದ ಮಹಡಿಗೆ ಕೂಗುತ್ತಿದ್ದರು. ಆ ಕೂಗು ನಮಗಿಂತ ಮುಂದೆ ಮೆಟ್ಟಿಲು ಹತ್ತಿ ಹೋಗಿ, ಮೇಲಿನ ಬಾಗಿಲುಗಳನ್ನು ತೆರೆಸುತ್ತಿತ್ತು.

"ಇದೇನಿದು, ಎಲ್ಲದರಲ್ಲೂ ಗಾಜಿನ ಮೇಲೆ ಮಂಜಿನ ಹಾಗೆ? ಒಳಗೆ ಏನೋ ನಂಬರು ಬರೆದಿದೆ" ಎಂದಳು ಅಕ್ಕ.

"ಭಾವನ ಉಸಿರು" ಎಂದೆ.

ಅವಳು ತಲೆಯೆತ್ತಿದಳು.

ಹೇಳಿದೆ. ಪ್ರತಿ ಗಾಜು ಹಾಕಿದ ಮೇಲೂ ಫೋಟೋ ತೆಗೆದು ನಮಗೆ ಕೆಲಸ ಕೊಟ್ಟ ಕಚೇರಿಗೆ ಕಳಿಸಬೇಕಿತ್ತು. ಇಲ್ಲದಿದ್ದರೆ ಆ ಕೆಲಸ ಆದಂತಲ್ಲ. ಮೊದಲ ದಿನ ಇಪ್ಪತ್ತು ಕಳಿಸಿದೆ. ಕಚೇರಿಯ ಹೆಂಗಸು ಇಪ್ಪತ್ತನ್ನೂ ತಿರುಗಿ ಕಳಿಸಿ, ಇದರಲ್ಲಿ ಗಾಜೆಲ್ಲಿದೆ ಎಂದಳು. ತಪ್ಪು ನಮ್ಮದೇ. ಇಲ್ಲಿ ಅಪ್ಪ ಕಲಿಸಿದ ಹಾಗೆ, ಗಾಜು ಕೂರಿಸಿ, ಅಂಚಿನ ಸಂದಿಗೆ ಪುಟ್ಟಿ ಒತ್ತಿ, ಬೆರಳಿನ ಕಲೆಯೊಂದೂ ಉಳಿಯದಂತೆ ಒರೆಸಿಬಿಟ್ಟಿದ್ದೆವು. ಚೆನ್ನಾಗಿ ಒರೆಸಿದ ಗಾಜು ಫೋಟೋದಲ್ಲಿ ಬರುವುದೇ ಇಲ್ಲ, ಬರೀ ತೂತು ಬರುತ್ತದೆ. ಮರುದಿನ ಭಾವ ಒಂದು ಉಪಾಯ ಮಾಡಿದ. ಗಾಜಿನ ಹತ್ತಿರ ಬಾಯಿ ತಂದು ಹಾ ಎಂದು ಉಸಿರು ಬಿಟ್ಟ. ಚಳಿಗೆ ಅಂಗೈಯಗಲ ಮಂಜು ಕಟ್ಟಿತು. ಅದರೊಳಗೆ ಬೆರಳಿನಿಂದ ಕೆಲಸದ ನಂಬರು ಬರೆದು, ಪಕ್ಕಕ್ಕೆ ಸರಿದು, "ತೆಗಿ ಬೇಗ, ಆರಿಹೋಗುತ್ತೆ" ಎಂದ. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಭಾವ ಉಸಿರು ಬಿಡುವುದು, ಬರೆಯುವುದು, ನಾನು ತೆಗೆಯುವುದು. ಹಾಗಾಗಿ ಒಂದು ಫೋಟೋದಲ್ಲೂ ಭಾವ ಇಲ್ಲ. ಇರುವುದು ಅವನ ಉಸಿರು ಮಾತ್ರ.

ಅಕ್ಕ ಆ ಮಂಜಿನ ಮೇಲೆ ಬೆರಳಿಟ್ಟಳು. "ಅವರ ನಾಲ್ಕು ನೋಡು. ತಲೆಕೆಳಗು ಮಾಡಿಟ್ಟ ಕುರ್ಚಿ. ಮೊದಲಿಂದಲೂ ಹಾಗೇ ಬರೆಯೋದು" ಎಂದಳು. ಅವಳ ಮುಖದಲ್ಲಿ ನಗುವಿನ ಹಾಗೆ ಏನೋ ಬಂದು ಹೋಯಿತು.

ಪಾಲಿಶ್ ಮುದುಕ ಕೈ ಒರೆಸಿಕೊಂಡು ಹತ್ತಿರ ಬಂದ. ಕನ್ನಡಿಯ ಗಂಡ ಹೆಂಡತಿಯೂ ಬಂದರು. ಒಬ್ಬೊಬ್ಬರೂ ಒಂದೊಂದು ಕಿಟಕಿಯ ಮುಂದೆ ನಿಂತರು.

ಒಂದು ಅಡುಗೆಮನೆ. ಹೆಂಗಸೊಬ್ಬಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಳೆ, ನಮ್ಮ ಕಡೆ ತಿರುಗಿಯೂ ಇಲ್ಲ. ಕೆಟಲಿನ ಹಬೆ, ಭಾವನ ಉಸಿರು, ಹೊರಗಿನ ಹಿಮ, ಮೂರೂ ಒಂದೇ ಬಣ್ಣ. ಕಿಟಕಿಯಾಚೆ ಒಬ್ಬ ಮುದುಕ ನಾಯಿಗೆ ಮಗುವಿನ ಸ್ವೆಟರ್ ತೊಡಿಸಿ ನಡೆಸಿಕೊಂಡು ಹೋಗುತ್ತಿದ್ದಾನೆ.

ಒಂದು ಬಚ್ಚಲು. ಒಂದೇ ಲೋಟದಲ್ಲಿ ಹನ್ನೊಂದು ಹಲ್ಲುಜ್ಜುವ ಬ್ರಷ್ಷು. ಕಿಟಕಿಯುಳಿದ ಮನೆಗೆ ಕಿಟಕಿ ಹೋದ ಮೂರು ಮನೆಯವರು ಬಂದು ಸೇರಿಕೊಂಡಿದ್ದರು. ಕೊನೆಗೆ ಆ ಮನೆಯದೂ ಹೋಯಿತು. ನಾವು ಹೋದಾಗ ಹನ್ನೊಂದು ಜನವೂ ಸಾಲಾಗಿ ನಿಂತು, ಭಾವ ಪುಟ್ಟಿ ನಾದುವುದನ್ನು ರೊಟ್ಟಿ ಹಿಟ್ಟು ನೋಡುವ ಹಾಗೆ ನೋಡಿದ್ದರು.

ಒಂದು ಕ್ಷೌರದಂಗಡಿ. ಕುರ್ಚಿಯಲ್ಲಿ ಕೂತವನ ಅರ್ಧ ಮುಖದಲ್ಲಿ ನೊರೆ. ಸೈರನ್ನು ಕೂಗಿದಾಗ ನೆಲಮಾಳಿಗೆಗೆ ನಡಿ ಎಂದ ಕ್ಷೌರಿಕ. ಅರ್ಧ ಮುಖ ಹೊತ್ತು ಸಾಯಲಾರೆ ಎಂದ ಗಿರಾಕಿ. ಇಬ್ಬರೂ ಅಲ್ಲೇ ಉಳಿದರು. ನಾವೂ ಚೌಕಟ್ಟಿಗೆ ಗಾಜು ಅರ್ಧ ಕೂರಿಸಿದ್ದೆವು, ಕೈ ಬಿಟ್ಟರೆ ಬೀಳುತ್ತಿತ್ತು. ನಾಲ್ಕು ಜನ ಗಂಡಸರು, ಎರಡು ಅರ್ಧ ಕೆಲಸ. ನದಿಯಾಚೆ ಗುಡುಗಿದ ಹಾಗೆ ಆಗುತ್ತಿತ್ತು, ಅಂಗಡಿಯೊಳಗೆ ಕತ್ತಿ ಕೆನ್ನೆಯ ಮೇಲೆ ಜಾರುವ ಸದ್ದು ಕೇಳುತ್ತಿತ್ತು. ಆ ಹೊತ್ತು ನನಗೆ ಭಯವಾಗಲಿಲ್ಲ. ಯಾರದೋ ಕನಸಿನೊಳಗೆ ಕೆಲಸಕ್ಕೆ ಬಂದಿದ್ದೇವೆ, ಅವರು ಏಳುವುದರೊಳಗೆ ಮುಗಿಸಿ ಹೋಗಬೇಕು ಎಂದಷ್ಟೇ ಅನಿಸಿತು.

"ಇವಳು ಯಾರು?" ಎಂದಳು ಅಕ್ಕ. ಒಂಬತ್ತನೇ ಮಹಡಿಯ ಕೋಣೆ, ಬಟ್ಟೆ ಮುಚ್ಚಿದ ಪಿಯಾನೋ, ಅದರ ಪಕ್ಕ ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟ ಮುದುಕಿ.

"ಪಿಯಾನೋ ಅಜ್ಜಿ. ಮಗ ಯುದ್ಧಕ್ಕೆ ಹೋಗಿದ್ದಾನೆ. ಅವಳ ಮನೆ ಗಾಜು ನಾಲ್ಕು ಸಲ ಹೋಯ್ತು. ಐದನೇ ಸಲ ಬೇಡ ಅಂದಳು, ಹಲಗೆ ಹೊಡೆದುಬಿಡಿ ಅಂತ. ಭಾವ ಕೇಳಲಿಲ್ಲ, ಗಾಜೇ ಹಾಕಿದ್ರು."

"ಅವಳ ಭಾಷೆ ನಿಮಗೆ ಬರ್ತಿತ್ತಾ?"

"ಮೂವತ್ತು ಮಾತು. ಅದರಲ್ಲಿ ಇಪ್ಪತ್ತು ಗಾಜಿನವೇ."

ಆ ಅಜ್ಜಿ ಬಾಗಿಲು ತೆರೆದ ಕೂಡಲೇ ಭಾವನ ಮುಖ ನೋಡಿ, ಕೈಯನ್ನು ಬಾಯಿಯ ಹತ್ತಿರ ತಂದು ಊಟವಾಯಿತೇ ಎಂದು ಕೇಳುತ್ತಿದ್ದಳು. ಆಮೇಲೆ ಗಾಜಿನ ಮಾತು. ಭಾವ ಗಾಜು ಕೂರಿಸಿದ ಮೇಲೆ ಅವಳು ಕುರ್ಚಿ ಎಳೆದುಕೊಂಡು ಬಂದು, ಮೊದಲ ಸಲ ಕಿಟಕಿ ಕಂಡವಳ ಹಾಗೆ ಬೀದಿ ನೋಡುತ್ತ ಕೂರುವಳು. ಒಂದು ದಿನ ಅವಳು ಭಾವನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. ಪಿಯಾನೋ ಕಲಿಯಲು ಬಂದವರ ಕೈ ನೋಡುವ ಹಾಗೆ. ಭಾವ ಅವತ್ತು ಮೆಟ್ಟಿಲಿಳಿಯುತ್ತ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ.

ಇಲ್ಲಿ ನಮ್ಮ ಅಂಗಡಿಯಲ್ಲಿ ಆ ಕೈಗಳಿಗೆ ಬೇರೆ ಹೆಸರಿತ್ತು. ಮದುವೆಯಾದ ವರ್ಷ ಭಾವ ಆರಡಿಯ ಕನ್ನಡಿಯೊಂದನ್ನು ಇಳಿಸುವಾಗ ಒಡೆದ. ಅಂದಿನಿಂದ ಅಪ್ಪ ಅವನನ್ನು ಆರಡಿ ಎಂದು ಕರೆಯತೊಡಗಿದ. "ಏ ಆರಡಿ, ಆ ಹಾಳೆ ಮುಟ್ಟಬೇಡ. ಆರಡಿ, ಟೀ ತಗೊಂಡ್ ಬಾ." ಭಾವನ ಎತ್ತರ ಐದಡಿ ಮೂರಿಂಚು. ಗಿರಾಕಿಗಳು ನಗುತ್ತಿದ್ದರು, ದರ್ಜಿ ನಗುತ್ತಿದ್ದ, ಕೊನೆಕೊನೆಗೆ ಇಡೀ ಬೀದಿ ಹಾಗೇ ಕರೆಯಿತು. ಅಕ್ಕ ಒಲೆಯ ಮುಂದೆ ಬೆನ್ನು ಮಾಡಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನೂ ಒಂದೆರಡು ಸಲ ನಕ್ಕಿದ್ದೇನೆ. ಈಗ ನೆನೆದರೆ ಆ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನಮ್ಮಂಥವರನ್ನು ಗಡಿ ದಾಟಿಸುವ ಕೊನೆಯ ಬಸ್ಸು ಹೊರಟ ದಿನ ಮೊಣಕಾಲುದ್ದ ಹಿಮ. ಬಸ್ ನಿಲ್ದಾಣದಲ್ಲಿ ಭಾವ ನನ್ನ ಚೀಲ ಮೇಲೆ ಹಾಕಿದ. ತನ್ನ ಚೀಲ ತಂದೇ ಇರಲಿಲ್ಲ.

"ನೀನು ನಡಿ ಬಾಮೈದ. ನಾಳೆ ಹನ್ನೊಂದು ಕಿಟಕಿ ಒಪ್ಕೊಂಡಿದೀನಿ" ಎಂದ.

"ತಲೆಗಿಲೆ ಕೆಟ್ಟಿದೆಯಾ ಭಾವ? ಕಿಟಕಿಗೆ ಬೆಂಕಿ ಬೀಳಲಿ, ಬಸ್ಸು ಹತ್ತಿ."

"ಆಸ್ಪತ್ರೆ ಕಿಟಕಿ ಕಣೋ. ಹುಟ್ಟಿದ ಮಕ್ಕಳಿರೋ ಕೋಣೆ."

"ಮನೇಲಿ ಏನು ಹೇಳ್ಲಿ?"

"ಜನ ಜಾಸ್ತಿ ಇತ್ತು, ಕೈತಪ್ಪಿ ಹೋದ ಅನ್ನು."

"ಅಕ್ಕನಿಗೆ?"

ಅವನು ಬಸ್ಸಿನ ಚಕ್ರದ ಕಡೆ ನೋಡಿದ. ಚಕ್ರದ ಮೇಲೂ ಹಿಮ ಬೀಳುತ್ತಿತ್ತು. "ಅವಳಿಗೆ ನಾನೇ ಬರೀತೀನಿ. ಏನು ಬರೀಬೇಕು ಅಂತ ಗೊತ್ತಾದ ಮೇಲೆ. ಅಲ್ಲೀವರೆಗೆ ನೀನು ಬಾಯಿ ಬಿಡಬಾರದು. ಬಿಟ್ಟರೆ ನಿಮ್ಮಪ್ಪ ಪೊಲೀಸು, ರಾಯಭಾರಿ ಕಚೇರಿ ಅಂತ ಹೋಗಿ ನನ್ನ ಕೊರಳಪಟ್ಟಿ ಹಿಡಿದು ತರಿಸ್ತಾರೆ. ಇಲ್ಲಿ ಮೆಟ್ಟಿಲು ಹತ್ತುವಾಗ ನನ್ನ ಬರವು ಕಾಯೋರು ಇದ್ದಾರೆ ಕಣೋ. ಅಲ್ಲಿ ನಾನು ಆ ಮನೆಗೆ ಮತ್ತೆ ಹೋದ್ರೆ ಆರಡಿ ಅಷ್ಟೇ."

ನನಗೆ ಮೈಯೆಲ್ಲ ಉರಿಯಿತು. ಅಪ್ಪನ ಮೇಲೆ, ಭಾವನ ಮೇಲೆ, ಆ ಹನ್ನೊಂದು ಕಿಟಕಿಯ ಮೇಲೆ. ಆದರೂ ಅವನ ಕೈ ಹಿಡಿದು ಮಾತು ಕೊಟ್ಟೆ. ಊರಿಗೆ ಬಂದು, ನಿಲ್ದಾಣದ ಜನಜಂಗುಳಿಯಲ್ಲಿ ಕೈತಪ್ಪಿ ಹೋದ ಎಂದೇ ಹೇಳಿದೆ. ಒಂದು ವಾರ ಕಳೆದು ಆ ನಿಲ್ದಾಣದ ಮೇಲೆ ಬಾಂಬು ಬಿದ್ದ ಸುದ್ದಿ ಇಲ್ಲಿ ಪೇಪರಿನಲ್ಲಿ ಬಂತು. ಅಪ್ಪ ಅದನ್ನು ಓದಿ, ಪೇಪರು ಮಡಚಿಟ್ಟು, ಅಂದೇ ಮರ ಆರಿಸಲು ಹೋದ.

ಆದರೆ ಫೋನಿನಲ್ಲಿ ನಮ್ಮ ಮೂವರ ಗುಂಪೊಂದು ಉಳಿದಿತ್ತು. ಕಚೇರಿಯ ಹೆಂಗಸು, ಭಾವ, ನಾನು. ಅಲ್ಲಿಗೆ ದಿನವೂ ಭಾವನ ಕಿಟಕಿಗಳು ಬರುತ್ತಿದ್ದವು. ಮಾತಿಲ್ಲ, ಬರೀ ಕಿಟಕಿ. ಆರು ಬಂದರೆ ಆರು ಮನೆಗೆ ಹೋಗಿದ್ದಾನೆ, ಬದುಕಿದ್ದಾನೆ ಎಂದರ್ಥ. ನೋಡಿದ ಕೂಡಲೇ ಅಳಿಸಿಬಿಡುತ್ತಿದ್ದೆ.

ಅಳಿಸಿದೆ ಎಂದುಕೊಂಡಿದ್ದೆ. ಗುಂಪಿನಲ್ಲಿ ಅಳಿಸಿದರೂ ಫೋಟೋ ಫೋನಿನ ಇನ್ನೊಂದು ಮೂಲೆಯಲ್ಲಿ ಉಳಿದಿರುತ್ತದೆ ಎಂದು ಎಂಟನೇ ಕ್ಲಾಸಿಗೆ ಪುಸ್ತಕ ಬಿಸಾಕಿದ ನನಗೆ ಯಾರು ಹೇಳಿಕೊಟ್ಟಿದ್ದರು? ಎಷ್ಟಿವೆಯೋ ಅಷ್ಟೂ ಎಂದು ಸ್ಟುಡಿಯೋದವನಿಗೆ ಹೇಳಿದ್ದು ನಾನೇ. ಅವನು ಅಷ್ಟೂ ಮಾಡಿಕೊಟ್ಟಿದ್ದ.

ಇದು ನನಗೆ ಹೊಳೆದದ್ದು ಅಕ್ಕನ ಬೆರಳು ನಿಂತಾಗ.

ಮೇಜಿನ ಆ ತುದಿಯಲ್ಲಿ ಲಕೋಟೆಯ ಕೊನೆಯ ಫೋಟೋಗಳಿದ್ದವು. ಪಿಯಾನೋ ಅಜ್ಜಿಯದೇ ಕೋಣೆ. ಪಿಯಾನೋದ ಮೇಲಿನ ಬಟ್ಟೆ ತೆಗೆದಿದೆ. ಮೇಜಿನ ಮೇಲೆ ಎರಡು ಬಟ್ಟಲು. ಕುರ್ಚಿಯ ಬೆನ್ನಿಗೆ ಗಂಡಸಿನ ಅಂಗಿಯೊಂದು ಒಣಗುತ್ತಿದೆ, ಮೊಣಕೈಯಲ್ಲಿ ತೇಪೆ. ಬಿಸಿಲು ಗಾಜಿನ ಮೂಲಕ ಇಳಿದು ನೆಲದ ಮೇಲೆ ಬೆಕ್ಕಿನ ಹಾಗೆ ಮೈಚಾಚಿದೆ. ಗಾಜಿನಾಚೆ ಮರವೊಂದು ಪೂರ್ತಿ ಚಿಗುರಿ, ಕಿಟಕಿಯ ಅರ್ಧಭಾಗವನ್ನೇ ಹಸಿರು ಮಾಡಿದೆ.

"ಇದು ಉಸಿರಲ್ಲ, ಸೋಪಿನಲ್ಲಿ ಬರೆದಿದ್ದು" ಎಂದಳು ಅಕ್ಕ, ಮೆಲ್ಲಗೆ.

ಸೆಖೆಗಾಲದಲ್ಲಿ ಗಾಜು ಉಸಿರು ಹಿಡಿಯುವುದಿಲ್ಲ.

"ನೀನು ಬರೋವಾಗ ಮೊಣಕಾಲುದ್ದ ಹಿಮ ಇತ್ತು ಅಂದಿದ್ದೆ."

"ಹೂಂ."

"ಇಲ್ಲಿ ಮರ ಚಿಗುರಿದೆ." ಅವಳು ನಂಬರಿನ ಮೇಲೆ ಉಗುರಿಟ್ಟಳು. ಎರಡು ನಾಲ್ಕುಗಳು, ಎರಡೂ ತಲೆಕೆಳಗಾದ ಕುರ್ಚಿಗಳು. ಆಮೇಲೆ ಉಗುರು ಅಂಗಿಯ ತೇಪೆಯ ಮೇಲೆ ಬಂತು. "ಈ ತೇಪೆ ನಾನು ಹಾಕಿದ್ದು. ಹಸಿರು ದಾರ ಇರಲಿಲ್ಲ ಅಂತ ನೀಲಿಯಲ್ಲಿ ಹೊಲಿದಿದ್ದೆ."

ಬೀದಿಯಲ್ಲಿ ಒಂದು ಸೈಕಲ್ಲಿನ ಗಂಟೆ ಕೇಳಿ ಮರೆಯಾಯಿತು. ಅಕ್ಕ ಅಳಲಿಲ್ಲ. ಆ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ, ಹತ್ತಿರ ಹಿಡಿದು, ಆ ಕೋಣೆಯೊಳಗೆ ಕಾಲಿಟ್ಟವಳ ಹಾಗೆ ನಿಧಾನವಾಗಿ ಎಲ್ಲವನ್ನೂ ನೋಡಿದಳು. ಬಟ್ಟಲು ನೋಡಿದಳು. ಕುರ್ಚಿ ನೋಡಿದಳು. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ನೋಡಿದಳು. ಅವಳ ಮುಖದ ಮೇಲೆ ಆ ಮರದ ಹಸಿರು ಬಿದ್ದಿದೆಯೇನೋ ಅನಿಸಿತು ನನಗೆ. ಬದುಕಿದ್ದಾನೆ ಎಂಬ ಸಂತೋಷ ಅಲ್ಲಿತ್ತು. ಅದರ ಹಿಂದೆಯೇ ಇನ್ನೊಂದು ಬರುತ್ತಿತ್ತು. ಅದು ಬರುವುದನ್ನು ಅವಳೂ ಕಂಡಳು, ನಾನೂ ಕಂಡೆ.

"ಅಪ್ಪಾ, ಆ ಚೌಕಟ್ಟು ಬಿಚ್ಚಿಡು" ಎಂದಳು.

ಅಪ್ಪ ಮೇಜಿನ ಮೇಲೆ ಬಗ್ಗಿದ. ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿದ. ಫೋಟೋವನ್ನು ಅವಳ ಕೈಯಿಂದ ತೆಗೆದುಕೊಳ್ಳಲು ಹೋಗಿ, ತೆಗೆದುಕೊಳ್ಳದೆ, ಅವಳ ಕೈಯಲ್ಲಿದ್ದಂತೆಯೇ ನೋಡಿದ. ನಲವತ್ತು ವರ್ಷ ಗಾಜು ಕೊಯ್ದ ಕಣ್ಣು. ಮೊದಲು ಗಾಜನ್ನೇ ನೋಡಿತು.

"ಪುಟ್ಟಿ ಎಷ್ಟು ನೀಟಾಗಿ ಎಳೆದಿದ್ದಾನೆ" ಎಂದ, ತನಗೆ ತಾನೇ.

ಪಾಲಿಶ್ ಮುದುಕ, "ದೇವರು ದೊಡ್ಡವನು, ಇದ್ದಾರಲ್ಲ" ಎಂದ. ದರ್ಜಿ, "ನಾನು ಮೊದಲೇ ಅಂದಿದ್ದೆ, ಆರಡಿಗೆ ಏನೂ ಆಗಿರಲ್ಲ" ಎಂದು ಶುರುಮಾಡಿದವನು ಅಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಅಪ್ಪ ನನ್ನ ಕಡೆ ತಿರುಗಿದ. "ನಿನಗೆ ಗೊತ್ತಿತ್ತು."

ಹೌದೆಂದು ತಲೆಯಾಡಿಸಿದೆ.

"ಐದು ತಿಂಗಳು ನನ್ನ ಹತ್ರ ಬೈಸ್ಕೊಂಡು ಓಡಾಡ್ದೆ. ಇವತ್ತೂ ಬೈಸ್ಕೊಂಡೆ. ಇವರೆಲ್ಲರ ಮುಂದೆ." ಅವನ ದನಿ ಇಳಿಯುತ್ತ ಬಂತು. "ಬದುಕಿದ್ದಾನೆ, ಕೈಕಾಲು ಗಟ್ಟಿ ಇದೆ, ಕೆಲಸ ಮಾಡ್ತಿದ್ದಾನೆ. ಮತ್ತೆ ಯಾಕೋ ಬರಲಿಲ್ಲ ಅವನು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತು. ಏಳು ವರ್ಷದ ಆರಡಿ, ಕೊಡದ ಸ್ಟೂಲು, ಟೀ ತಗೊಂಡ್ ಬಾ, ಈಗಷ್ಟೇ ನನಗೆ ಅಂದ ಹೇಡಿ, ಎಲ್ಲವೂ ಆ ಒಂದು ಮಾತಿನಲ್ಲಿ ಹಿಡಿಯುತ್ತಿತ್ತು. ಕೇಳಲು ಅದೇ ನಾಲ್ಕು ಜನ ಇನ್ನೂ ನಿಂತಿದ್ದರು. ಇಂಥ ಗಳಿಗೆಗಾಗಿ ಐದು ತಿಂಗಳಿಂದ ಹಲ್ಲು ಕಚ್ಚಿಕೊಂಡಿದ್ದೆ ಎಂದು ಆಗ ಗೊತ್ತಾಯಿತು.

ಬಾಯಿ ತೆರೆದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಿನ್ನಿಂದ ಎಂದು ನಾನು ಅಪ್ಪನಿಗೆ ಹೇಳಿದರೆ, ಹಾಗಾದರೆ ನನಗೋಸ್ಕರವಾದರೂ ಯಾಕೆ ಬರಲಿಲ್ಲ ಎಂದು ಅವಳು ಕೇಳಬೇಕಾಗುತ್ತದೆ. ಕೇಳದಿದ್ದರೂ ಕೇಳಿದ ಹಾಗೆಯೇ. ಅದಕ್ಕೆ ಉತ್ತರ ಬರೆಯಬೇಕಾದವನು ಒಂಬತ್ತನೇ ಮಹಡಿಯಲ್ಲಿ ಎಲ್ಲೋ ಪುಟ್ಟಿ ನಾದುತ್ತಿದ್ದ.

ಅಪ್ಪನ ಕೈ ಮೇಜಿನ ಅಂಚು ಹಿಡಿದಿತ್ತು. ಗಾಜಿನ ಗಾಯಗಳು ಬೆರಳುಗಳ ತುಂಬ ಬಿಳಿ ಗೆರೆಗಳಾಗಿ ಉಳಿದಿದ್ದವು.

"ಹೇಳೋ. ಯಾಕೆ?" ಎಂದ. ಅಷ್ಟು ಮೆತ್ತಗೆ ಅವನು ನನ್ನನ್ನು ಯಾವತ್ತೂ ಏನನ್ನೂ ಕೇಳಿರಲಿಲ್ಲ.

ಆ ಮಾತನ್ನು ಭಾವನೇ ಅಕ್ಕನಿಗೆ ಬರೆಯಲಿ ಎಂದು ಬಾಯಿ ಮುಚ್ಚಿದೆ. ದರ್ಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮೆಟ್ಟಿಲಿಳಿದು, ಬಿಸಿಲಿಗೆ ಬಂದು, ಬೀದಿ ದಾಟಿದೆ.